ಸಂಜ್ಞಾ ಭಾಷೆಯ ನಾಟಕ ತಂಡವನ್ನು ನಿಮ್ಮ ಊರಿಗೆ ಕರೆಸುವ ಮುನ್ನ

"ನಮ್ಮೂರಿನಲ್ಲಿ ಕಿವುಡ ಕಲಾವಿದರ ನಾಟಕ ಆಡಿಸಬೇಕೆಂದಿದ್ದೇವೆ, ಏನೇನು ಸಿದ್ಧತೆ ಬೇಕು?" ಹವ್ಯಾಸಿ ರಂಗತಂಡಗಳ ಗೆಳೆಯರು, ಕಾಲೇಜು ಅಧ್ಯಾಪಕರು, ಸಾಂಸ್ಕೃತಿಕ ಸಂಘದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಂದೆಡೆ ಬರೆದಿಡುತ್ತಿದ್ದೇನೆ.

ನೀನಾಸಂ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರದಂಥ ಊರೂರು ಸುತ್ತುವ ನಾಟಕ ತಂಡಗಳನ್ನು ಕರೆಸಿ ಅನುಭವವಿದ್ದವರಿಗೆ ಅರ್ಧ ಕೆಲಸ ಆಗಲೇ ಗೊತ್ತಿದೆ. ಸಭಾಂಗಣ ಗೊತ್ತು ಮಾಡುವುದು, ಊಟ, ವಸತಿ, ಟಿಕೆಟ್ಟು, ಲಾರಿ ಬಂದಾಗ ಸಾಮಾನು ಇಳಿಸಲು ನಾಲ್ಕು ಜನ. ಉಳಿದರ್ಧಕ್ಕಾಗಿ ಈ ಲೇಖನ. ಮಾತಿನ ನಾಟಕಕ್ಕೆ ಮೈಕು ಎಷ್ಟು ಮುಖ್ಯವೋ ಕಣ್ಣಿನಿಂದ ಓದುವ ಭಾಷೆಗೆ ಬೆಳಕು ಮತ್ತು ಕುಳಿತುಕೊಳ್ಳುವ ಜಾಗ ಅಷ್ಟೇ ಮುಖ್ಯ. ಮೈಕು ಕೆಟ್ಟರೆ ನಾವು ನಾಟಕ ನಿಲ್ಲಿಸಿ ಸರಿಪಡಿಸುತ್ತೇವೆ. ನಟಿಯ ಕೈ ಹಿಂದಿನ ಸಾಲಿಗೆ ಕಾಣುತ್ತಿಲ್ಲವೆಂದರೆ ಮಾತ್ರ ನಾಟಕ ಸುಮ್ಮನೆ ಮುಂದುವರಿಯುತ್ತದೆ. ಹೀಗಾಗಬಾರದು ಎನ್ನುವುದೇ ಮುಂದಿನ ಹತ್ತು ಹಂತಗಳ ಸಾರ.

ಮೊದಲು ಕೆಲವು ಪದಗಳು

ಸಂಜ್ಞಾ ಭಾಷೆ ಎಂದರೆ ಮೂಕಾಭಿನಯವಲ್ಲ. ಗೊಂದಲ ಹೆಚ್ಚಾಗುವುದು ಇಲ್ಲಿಯೇ. ಮೂಕಾಭಿನಯದಲ್ಲಿ ನಟ ಹಗ್ಗ ಎಳೆದರೆ ಹಗ್ಗ ಎಲ್ಲರಿಗೂ ಕಾಣುತ್ತದೆ, ಅದಕ್ಕೆ ಭಾಷೆ ಕಲಿಯಬೇಕಿಲ್ಲ. ಸಂಜ್ಞಾ ಭಾಷೆಗೆ ತನ್ನದೇ ಶಬ್ದಕೋಶವಿದೆ, ವ್ಯಾಕರಣವಿದೆ. ಭಾರತೀಯ ಸಂಜ್ಞಾ ಭಾಷೆಯಲ್ಲಿ 'ಏನು', 'ಎಲ್ಲಿ' ಎಂಬ ಪ್ರಶ್ನೆಪದಗಳು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತವೆ. ಹೌದು-ಅಲ್ಲ ಎಂದು ಉತ್ತರಿಸುವ ಪ್ರಶ್ನೆಯನ್ನು ಹುಬ್ಬೇರಿಸಿ ಕೇಳುತ್ತಾರೆ. ಅಂದರೆ ಹುಬ್ಬು ಕಾಣದಿದ್ದರೆ ಪ್ರಶ್ನೆಯೇ ಕಾಣುವುದಿಲ್ಲ. ಈ ಒಂದು ವಿಷಯ ನೆನಪಿದ್ದರೆ ಮುಂದೆ ಬೆಳಕಿನ ಬಗ್ಗೆ ನಾನು ಅಷ್ಟು ಹಟ ಹಿಡಿಯುವುದು ಏಕೆಂದು ತಿಳಿಯುತ್ತದೆ.

ಸಂಜ್ಞಾ ಭಾಷೆ ಜಗತ್ತಿಗೆಲ್ಲ ಒಂದೇ ಅಲ್ಲ. ಅಮೆರಿಕ ಮತ್ತು ಬ್ರಿಟನ್ ಎರಡೂ ಇಂಗ್ಲಿಷ್ ದೇಶಗಳು, ಆದರೆ ಅಲ್ಲಿನ ಕಿವುಡರ ಭಾಷೆಗಳು ಬೇರೆ ಬೇರೆ, ಒಬ್ಬರದು ಇನ್ನೊಬ್ಬರಿಗೆ ತಾನಾಗಿ ತಿಳಿಯುವುದಿಲ್ಲ. ನಮ್ಮಲ್ಲಿ ಭಾರತೀಯ ಸಂಜ್ಞಾ ಭಾಷೆ ಬಳಕೆಯಲ್ಲಿದೆ, ಅದರೊಳಗೆ ಊರಿನಿಂದ ಊರಿಗೆ ಕೆಲವು ಸಂಜ್ಞೆಗಳು ಬದಲಾಗುತ್ತವೆ. ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರವು ಹೊರತಂದ ನಿಘಂಟಿನ 2021ರ ಆವೃತ್ತಿಯಲ್ಲಿ 10,000 ಪದಗಳಿವೆ.

ಕಿವುಡರ ರಂಗಭೂಮಿಯಲ್ಲಿ ಮುಖ್ಯವಾಗಿ ಮೂರು ಬಗೆಯ ಪ್ರದರ್ಶನಗಳು ಸಿಗುತ್ತವೆ. ಮೊದಲನೆಯದು ಪೂರ್ತಿ ಸಂಜ್ಞಾ ಭಾಷೆಯ ನಾಟಕ, ಅದರಲ್ಲಿ ಧ್ವನಿ ಇರುವುದಿಲ್ಲ. ಎರಡನೆಯದರಲ್ಲಿ ಕಿವುಡ ನಟ ಸಂಜ್ಞೆಯಲ್ಲಿ ನುಡಿಯುತ್ತಿರುವಾಗಲೇ ಕೇಳಬಲ್ಲ ಇನ್ನೊಬ್ಬ ನಟ ಅದೇ ರಂಗದ ಮೇಲೆ ನಿಂತು ಅದನ್ನು ಬಾಯಲ್ಲಿ ಹೇಳುತ್ತಾನೆ. 1967ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಹುಟ್ಟಿದ ನ್ಯಾಷನಲ್ ಥಿಯೇಟರ್ ಆಫ್ ದಿ ಡೆಫ್ ಈ ರೀತಿಯನ್ನೇ ಹೊತ್ತು ಅಲ್ಲಿನ 50 ರಾಜ್ಯಗಳನ್ನೂ ಸುತ್ತಿತು. ಸಂಚಾರಿ ಕಿವುಡ ರಂಗಭೂಮಿಗೆ ಅದು ಮಾದರಿಯಾಯಿತು. ಸ್ವೀಡನ್ನಿನಲ್ಲಿ 1970ರಲ್ಲಿ ಆರಂಭವಾದ ಟೀಸ್ಟ್ ಟೆಯಾಟರ್ ಕೆಲವೇ ವರ್ಷಗಳಲ್ಲಿ ದೇಶದ ಅಧಿಕೃತ ಸಂಚಾರಿ ರಂಗಸಂಸ್ಥೆಯ ಭಾಗವಾಯಿತು. ಮೂರನೆಯ ಬಗೆಯಲ್ಲಿ ಸಂಜ್ಞೆ ಮತ್ತು ಮೂಕಾಭಿನಯ ಬೆರೆತಿರುತ್ತವೆ. ಒಬ್ಬನೇ ನಟ ಸಿನಿಮಾದಂತೆ ಒಮ್ಮೆ ದೂರದ ನೋಟ, ಒಮ್ಮೆ ಹತ್ತಿರದ ಮುಖ ಎಂದು ಬದಲಾಯಿಸುತ್ತಾ ಕಥೆ ಹೇಳುತ್ತಾನೆ. ಇದನ್ನು ಕಲಾವಿದರು ವಿಷುಯಲ್ ವರ್ನಾಕ್ಯುಲರ್ ಎನ್ನುತ್ತಾರೆ. ನೀವು ಕರೆಸುತ್ತಿರುವುದು ಯಾವ ಬಗೆ ಎನ್ನುವುದರ ಮೇಲೆ ಖರ್ಚು, ದುಭಾಷಿ, ಮೈಕು ಎಲ್ಲವೂ ನಿಲ್ಲುತ್ತವೆ.

ಇನ್ನು ಭಿತ್ತಿಪತ್ರದಲ್ಲಿ ಬಳಸುವ ಪದ. 'ಮೂಗ', 'ಕಿವುಡ-ಮೂಗ' ಎಂದು ದಯವಿಟ್ಟು ಎಲ್ಲಿಯೂ ಅಚ್ಚು ಹಾಕಿಸಬೇಡಿ. ಭಾಷೆ ಇರುವವರನ್ನು ಮೂಗರು ಎನ್ನುವುದು ತಪ್ಪು, ನೋವು ತರುವಂಥದ್ದು. ಸರ್ಕಾರಿ ಕಡತಗಳಲ್ಲಿ 'ಶ್ರವಣದೋಷವುಳ್ಳವರು' ಎಂದಿರುತ್ತದೆ. ತಮ್ಮ ಭಾಷೆಯ ಬಗ್ಗೆ ಅಭಿಮಾನವಿರುವ ಅನೇಕ ಕಲಾವಿದರು 'ಕಿವುಡರು' ಎಂಬ ನೇರ ಪದವನ್ನೇ ಒಪ್ಪುತ್ತಾರೆ, ಇನ್ನು ಕೆಲವರು ಒಪ್ಪುವುದಿಲ್ಲ. ತಂಡವನ್ನೇ ಕೇಳಿ, ಅವರು ಹೇಳಿದ್ದನ್ನೇ ಹಾಕಿ.

ಹಂತ 1: ತಂಡದೊಡನೆ ಮೊದಲ ಮಾತುಕತೆ

ಪ್ರದರ್ಶನಕ್ಕೆ ಕನಿಷ್ಠ ಮೂರು ತಿಂಗಳು ಇರುವಾಗ ಶುರುಮಾಡಿ. ಫೋನ್ ಕರೆ ಬೇಡ. ವಾಟ್ಸ್ಆ್ಯಪ್‌ನಲ್ಲಿ ಬರೆಯಿರಿ, ಅಥವಾ ವಿಡಿಯೊ ಕರೆಗೆ ಸಮಯ ಗೊತ್ತುಮಾಡಿ ದುಭಾಷಿಯನ್ನು ಜೊತೆಗೆ ಇರಿಸಿಕೊಳ್ಳಿ. ಬರೆಯುವಾಗ ವಾಕ್ಯಗಳು ಚಿಕ್ಕದಾಗಿರಲಿ, ಒಂದು ಸಂದೇಶದಲ್ಲಿ ಒಂದೇ ವಿಷಯ ಇರಲಿ. ಬಹಳ ಕಿವುಡರಿಗೆ ಮೊದಲ ಭಾಷೆ ಸಂಜ್ಞಾ ಭಾಷೆ, ಬರಹದ ಕನ್ನಡ ಶಾಲೆಯಲ್ಲಿ ಕಷ್ಟಪಟ್ಟು ಕಲಿತ ಎರಡನೆಯ ಭಾಷೆ. ಅವರ ಬರಹದಲ್ಲಿ ವಿಭಕ್ತಿ ತಪ್ಪಿದ್ದರೆ ಅದನ್ನು ನೋಡಿ ಅವರ ವಿದ್ಯೆಯನ್ನು ಅಳೆಯಬೇಡಿ.

ಕೇಳಬೇಕಾದದ್ದು ಇಷ್ಟು: ಮೇಲೆ ಹೇಳಿದ ಮೂರರಲ್ಲಿ ಯಾವ ಬಗೆಯ ನಾಟಕ, ಎಷ್ಟು ಹೊತ್ತು, ಎಷ್ಟು ಜನ, ರಂಗದ ಅಗಲ ಆಳ ಎಷ್ಟು ಅಡಿ ಬೇಕು, ಧ್ವನಿ ಕೊಡುವವರನ್ನು ಅವರೇ ಕರೆತರುತ್ತಾರೆಯೇ ಅಥವಾ ನೀವು ಹುಡುಕಬೇಕೇ. ತಂಡದ ಬಳಿ ತಾಂತ್ರಿಕ ಬೇಡಿಕೆಗಳ ಪಟ್ಟಿ ಇದ್ದರೆ ತರಿಸಿಕೊಳ್ಳಿ. ವೃತ್ತಿಪರರು ಇದನ್ನು 'ರೈಡರ್' ಎನ್ನುತ್ತಾರೆ. ಎಷ್ಟು ದೀಪ, ಎಷ್ಟು ಮೈಕು, ಎಷ್ಟು ಹೊತ್ತಿನ ರಂಗತಾಲೀಮು ಎಂಬ ವಿವರ ಅದರಲ್ಲಿರುತ್ತದೆ. ಪಟ್ಟಿ ಇಲ್ಲವೆಂದರೆ ಹಿಂದಿನ ಪ್ರದರ್ಶನದ ಹತ್ತು ನಿಮಿಷದ ವಿಡಿಯೊ ಕೇಳಿ. ಅದನ್ನು ನಿಮ್ಮ ಬೆಳಕಿನವರಿಗೆ ತೋರಿಸಿದರೆ ಅರ್ಧ ಪಟ್ಟಿ ಅವರೇ ಬರೆದುಕೊಡುತ್ತಾರೆ.

ದಿನಾಂಕದ ಬಗ್ಗೆ ಒಂದು ಮಾತು. ಸೆಪ್ಟೆಂಬರ್ 23 ಅಂತಾರಾಷ್ಟ್ರೀಯ ಸಂಜ್ಞಾ ಭಾಷೆಗಳ ದಿನ. ವಿಶ್ವ ಕಿವುಡರ ಒಕ್ಕೂಟ 1951ರಲ್ಲಿ ಹುಟ್ಟಿದ ದಿನವದು, ವಿಶ್ವಸಂಸ್ಥೆಯ ಆಚರಣೆ 2018ರಿಂದ ನಡೆಯುತ್ತಿದೆ. ಎಲ್ಲರೂ ಆ ವಾರದಲ್ಲಿಯೇ ತಂಡಗಳನ್ನು ಕರೆಯುತ್ತಾರೆ. ಫೆಬ್ರವರಿಯಲ್ಲಿ ಕರೆಯಿರಿ, ಊರಿನ ನಾಟಕೋತ್ಸವದ ನಡುವೆ ಕರೆಯಿರಿ. ನಾಟಕ ಚೆನ್ನಾಗಿದೆ ಎಂಬ ಕಾರಣಕ್ಕೆ ಕರೆಯಿರಿ.

ಹಂತ 2: ದುಭಾಷಿಗಳನ್ನು ಗೊತ್ತುಮಾಡಿ

ಹಣ ಉಳಿಸಲು ಹೋಗಿ ಜನ ಎಡವುವುದು ಇಲ್ಲಿ. "ನಮ್ಮ ಪರಿಚಯದವರ ಮಗಳಿಗೆ ಸನ್ನೆ ಗೊತ್ತು, ಅವಳೇ ಮಾಡುತ್ತಾಳೆ" ಎನ್ನುತ್ತಾರೆ. ಕಿವುಡ ತಂದೆತಾಯಿಯ ಮಕ್ಕಳಿಗೆ ಆ ಭಾಷೆ ಚೆನ್ನಾಗಿ ಬರಬಹುದು, ಆದರೆ ಒಂದು ನಾಟಕದ ಭಾರವನ್ನು ಹದಿನಾರರ ಹುಡುಗಿಯ ಹೆಗಲಿಗೆ ಹಾಕುವುದು ನ್ಯಾಯವಲ್ಲ. ತರಬೇತಿ ಪಡೆದ ದುಭಾಷಿಗಳು ಇದ್ದಾರೆ. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಡಿಪ್ಲೊಮಾ ಇದೆ. ತಂಡಕ್ಕೆ ಸಾಮಾನ್ಯವಾಗಿ ತನ್ನ ದುಭಾಷಿಯ ಮೇಲೆ ವಿಶ್ವಾಸವಿರುತ್ತದೆ, ಮೊದಲು ಅವರನ್ನೇ ಕೇಳಿ.

ಕನಿಷ್ಠ ಇಬ್ಬರು ಬೇಕು. ಒಬ್ಬರೇ ಇಡೀ ದಿನ ಕೆಲಸ ಮಾಡಿದರೆ ಸಂಜೆಯ ಹೊತ್ತಿಗೆ ಅರ್ಥ ಸೋರಿಹೋಗುತ್ತದೆ. ಅನುಭವಿಗಳು 20–30 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಬೆಳಗಿನಿಂದ ರಂಗತಾಲೀಮು, ಬೆಳಕಿನವರೊಡನೆ ಮಾತು, ಊಟದ ಹೊತ್ತಿನ ಹರಟೆ, ಪತ್ರಕರ್ತರ ಪ್ರಶ್ನೆ, ಸಂಜೆಯ ಸಭಾ ಕಾರ್ಯಕ್ರಮ, ಕೊನೆಯ ಸಂವಾದ, ಎಲ್ಲಕ್ಕೂ ಅವರೇ. ಅವರ ಸಂಭಾವನೆ, ಪ್ರಯಾಣ, ಊಟವನ್ನು ಬಜೆಟ್ಟಿನಲ್ಲಿ ಪ್ರತ್ಯೇಕ ಸಾಲಾಗಿ ಬರೆಯಿರಿ. ಕಲಾವಿದರ ಸಂಭಾವನೆಯಿಂದ ಕಳೆಯಬೇಡಿ. ನಾಟಕದ ಪಠ್ಯ ಮತ್ತು ಸ್ವಾಗತ ಭಾಷಣದ ಪ್ರತಿಯನ್ನು ಒಂದು ವಾರ ಮೊದಲೇ ಅವರಿಗೆ ತಲುಪಿಸಿ. ವಚನವನ್ನೋ ಕುವೆಂಪು ಕವಿತೆಯನ್ನೋ ಭಾಷಣಕಾರರು ಹೇಳುವವರಿದ್ದರೆ ಅದನ್ನಂತೂ ಕೊಡಲೇಬೇಕು. ನಿಂತ ಕಾಲಲ್ಲಿ ಕವಿತೆಯನ್ನು ಅನುವಾದಿಸು ಎಂದರೆ ಯಾರಿಗೂ ಆಗದು.

ಹಂತ 3: ಸಭಾಂಗಣವನ್ನು ಕುಳಿತು ನೋಡಿ ಆರಿಸಿ

ಸಂಜ್ಞಾ ಭಾಷೆ ನಡೆಯುವುದು ತಲೆಯ ಮೇಲ್ಭಾಗದಿಂದ ಸೊಂಟದವರೆಗಿನ, ಮೊಣಕೈ ಚಾಚುವಷ್ಟು ಅಗಲದ ಚೌಕಟ್ಟಿನಲ್ಲಿ. ಪ್ರತಿಯೊಂದು ಕುರ್ಚಿಯಿಂದಲೂ ಆ ಚೌಕಟ್ಟು ಪೂರ್ತಿ ಕಾಣಬೇಕು. ಮುಂದಿನವರ ತಲೆ ನಟನ ಸೊಂಟ ಮುಚ್ಚಿದರೆ ಮಾತಿನ ನಾಟಕಕ್ಕೆ ಏನೂ ನಷ್ಟವಿಲ್ಲ, ಸಂಜ್ಞೆಯ ನಾಟಕದಲ್ಲಿ ಅರ್ಧ ವಾಕ್ಯ ಹೋಯಿತು. ಆದ್ದರಿಂದ ಹಿಂದೆ ಹೋದಂತೆ ಎತ್ತರವಾಗುವ ಆಸನಗಳಿರುವ ಸಭಾಂಗಣ ಸಿಕ್ಕರೆ ಅದೇ ಉತ್ತಮ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಹೆಚ್ಚಾಗಿ ಸಿಗುವುದು ಸಮತಟ್ಟಾದ ನೆಲದ ಕಲ್ಯಾಣಮಂಟಪ. ಅಲ್ಲಿ ರಂಗ ನಾಲ್ಕು ಅಡಿಯಾದರೂ ಎತ್ತರವಿರಲಿ, ಕುರ್ಚಿಗಳನ್ನು ಒಂದರ ಹಿಂದೆ ಒಂದು ಇಡದೆ, ಮುಂದಿನ ಎರಡು ಕುರ್ಚಿಗಳ ಸಂದಿಗೆ ಹಿಂದಿನ ಕುರ್ಚಿ ಬರುವಂತೆ ಜೋಡಿಸಿ.

ಅಳತೆಪಟ್ಟಿಗಿಂತ ಒಳ್ಳೆಯ ಪರೀಕ್ಷೆಯೊಂದಿದೆ. ಗೆಳೆಯರೊಬ್ಬರನ್ನು ರಂಗದ ಮೇಲೆ ನಿಲ್ಲಿಸಿ, ಹೊಟ್ಟೆಯ ಮಟ್ಟದಲ್ಲಿ ಬೆರಳುಗಳನ್ನು ತೋರಿಸಲು ಹೇಳಿ: ಒಮ್ಮೆ ಮೂರು, ಒಮ್ಮೆ ಎರಡು, ಒಮ್ಮೆ ಹೆಬ್ಬೆರಳು ಮಡಿಸಿ ನಾಲ್ಕು. ಜೊತೆಗೆ ಒಮ್ಮೆ ಹುಬ್ಬೇರಿಸಲಿ, ಒಮ್ಮೆ ಗಂಟಿಕ್ಕಲಿ. ನೀವು ಕೊನೆಯ ಸಾಲಿನಲ್ಲಿ, ನಾಲ್ಕೂ ಮೂಲೆಗಳಲ್ಲಿ, ಕಂಬದ ಪಕ್ಕದಲ್ಲಿ ಕುಳಿತು ಬೆರಳೆಣಿಸಿ. ಎಣಿಸಲಾಗದ ಕುರ್ಚಿಗಳನ್ನು ತೆಗೆದುಬಿಡಿ. ಇನ್ನೂರು ಜನರ ಸಭಾಂಗಣ ನೂರಮೂವತ್ತಕ್ಕೆ ಇಳಿಯಬಹುದು. ಇಳಿಯಲಿ; ಎರಡು ಪ್ರದರ್ಶನ ಇಟ್ಟುಕೊಂಡರೆ ತಂಡಕ್ಕೂ ಅನುಕೂಲ.

ಅಕ್ಕಪಕ್ಕದ ತೀರಾ ಬದಿಯ ಆಸನಗಳನ್ನು ಬಿಡಿ, ಪಕ್ಕದಿಂದ ನೋಡಿದರೆ ಒಂದು ಕೈ ಇನ್ನೊಂದನ್ನು ಮರೆಮಾಡುತ್ತದೆ. ಬಯಲಿನಲ್ಲಿ ಆಡಿಸುವುದಾದರೆ ಕತ್ತಲಾದ ಮೇಲೆಯೇ ಶುರುಮಾಡಿ, ಮುಸ್ಸಂಜೆಯ ಬೆಳಕಿನಲ್ಲಿ ದೀಪವೂ ಸಾಲದು, ಹಗಲೂ ಸಾಲದು.

ಹಂತ 4: ಬೆಳಕು

ಒಮ್ಮೆ ಒಂದು ಪ್ರದರ್ಶನದಲ್ಲಿ ರಾತ್ರಿಯ ದೃಶ್ಯ ಬಂತು. ಬೆಳಕಿನವರು ಅಭ್ಯಾಸದಂತೆ ಎಲ್ಲವನ್ನೂ ಇಳಿಸಿ ಗಾಢ ನೀಲಿ ಹಾಕಿದರು. ನೋಡಲು ಬಹಳ ಸುಂದರವಾಗಿತ್ತು. ನನ್ನ ಮುಂದಿನ ಸಾಲಿನ ಕಿವುಡ ಹೆಂಗಸೊಬ್ಬರು ಪಕ್ಕದವರ ತೋಳು ಮುಟ್ಟಿ 'ಏನಂದ?' ಎಂದು ಸಂಜ್ಞೆ ಮಾಡಿದರು. ಪಕ್ಕದವರಿಗೂ ತಿಳಿದಿರಲಿಲ್ಲ, ಗೊತ್ತಿಲ್ಲವೆಂದು ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸಿ ತೋರಿಸಿದರು. ಆ ನೀಲಿಯಲ್ಲಿ ನಟನ ಕಂದು ಬಣ್ಣದ ಕೈಗಳು ಕರಗಿಹೋಗಿದ್ದವು. ರಂಗದ ಮೇಲೆ ಅವನು ತಾಯಿಯ ಸಾವನ್ನು ಹೇಳುತ್ತಿದ್ದ. ಯಾರ ನಾಟಕವೋ ಅವರಿಗೇ ಅದು ತಲುಪಲಿಲ್ಲ. ಅಂದಿನಿಂದ ಬೆಳಕಿನ ವಿಚಾರದಲ್ಲಿ ನಾನು ಯಾರ ಮುಲಾಜಿಗೂ ಬೀಳುವುದಿಲ್ಲ.

ಮುಖ ಮತ್ತು ಕೈಗಳ ಮೇಲೆ ಮುಂದಿನಿಂದ, ಎಡಬಲ ಎರಡೂ ಕಡೆಯಿಂದ ಓರೆಯಾಗಿ ಬೀಳುವ ಬಿಳಿ ಅಥವಾ ತಿಳಿಹಳದಿ ಬೆಳಕು ನಾಟಕದುದ್ದಕ್ಕೂ ಇರಬೇಕು. ನೇರ ತಲೆಯ ಮೇಲಿನ ದೀಪ ಮಾತ್ರ ಹಾಕಿದರೆ ಹುಬ್ಬಿನ ನೆರಳು ಕಣ್ಣಿಗೆ ಬೀಳುತ್ತದೆ, ಗಲ್ಲದ ನೆರಳು ಎದೆಗೆ ಬೀಳುತ್ತದೆ. ಒಂದೇ ಕಡೆಯಿಂದ ಹಾಕಿದರೆ ಒಂದು ಕೈ ಕತ್ತಲಾಗುತ್ತದೆ. ನೀಲಿ, ಕೆಂಪು, ಹಸಿರು ಬೇಕೆಂದರೆ ಹಿಂದಿನ ಪರದೆಗೆ ಹಾಕಿ, ನೆಲಕ್ಕೆ ಹಾಕಿ, ಮುಖಕ್ಕೆ ಬೇಡ. ರಾತ್ರಿ ಎಂದು ತೋರಿಸಲು ಹಿಂಬದಿಯ ನೀಲಿ ಸಾಕು, ಪ್ರೇಕ್ಷಕರು ಅರ್ಥಮಾಡಿಕೊಳ್ಳುತ್ತಾರೆ.

ಹಿಂದಿನ ಪರದೆ ಒಂದೇ ಬಣ್ಣದ್ದಿರಲಿ, ಗಾಢವಾಗಿರಲಿ, ಹೊಳೆಯದಿರಲಿ. ಕಲ್ಯಾಣಮಂಟಪದ ಝರಿ ಅಲಂಕಾರ, ಹೂವಿನ ಮಂಟಪ, ಎಲ್‌ಇಡಿ ಪರದೆಯ ಮೇಲೆ ಓಡುವ ಪ್ರಾಯೋಜಕರ ಹೆಸರು, ಇವುಗಳ ಮುಂದೆ ಕೈಬೆರಳು ಓದುವುದೆಂದರೆ ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡಂತೆ. ಸ್ಥಳದ ಮಾಲೀಕರೊಡನೆ ಅಲಂಕಾರ ತೆಗೆಸುವ ಮಾತನ್ನು ಬಾಡಿಗೆ ಕರಾರಿನಲ್ಲಿಯೇ ಬರೆಸಿ. ಹೊಗೆ ಯಂತ್ರ ಬೇಡ. ಮಿಣುಕುವ ದೀಪ ಬೇಡ.

ಪ್ರೇಕ್ಷಾಗೃಹವನ್ನು ಪೂರ್ತಿ ಕತ್ತಲು ಮಾಡಬೇಡಿ. ಕಿವುಡ ಪ್ರೇಕ್ಷಕರು ಪಕ್ಕದವರೊಡನೆ ಮಾತಾಡಲು ಮಂದವಾದ ಬೆಳಕಾದರೂ ಬೇಕು. ನಾವು ಪಿಸುಗುಟ್ಟುತ್ತೇವೆ, ಅವರಿಗೂ ಆ ಅವಕಾಶವಿರಲಿ. ದೃಶ್ಯ ಬದಲಾವಣೆಗೆ ಒಮ್ಮೆಲೇ ದೀಪ ಆರಿಸುವ ಮುನ್ನ ನಟನ ಕೊನೆಯ ಸಂಜ್ಞೆ ಮುಗಿದಿದೆಯೇ ಎಂಬುದನ್ನು ನಾಟಕ ಗೊತ್ತಿರುವವರೊಬ್ಬರು ಬೆಳಕಿನವರ ಪಕ್ಕದಲ್ಲಿ ಕುಳಿತು ಹೇಳಬೇಕು. ಸಂಜ್ಞಾ ಭಾಷೆ ಬಾರದ ಬೆಳಕಿನವರಿಗೆ ವಾಕ್ಯ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ, ಅದು ಅವರ ತಪ್ಪಲ್ಲ.

ವಿದ್ಯುತ್ ಹೋದರೆ? ಮಾತಿನ ನಟರು ಕತ್ತಲಲ್ಲೂ ಎರಡು ಮಾತು ಹೇಳಿ ಜನರನ್ನು ಹಿಡಿದಿಡಬಲ್ಲರು. ಇಲ್ಲಿ ದೀಪ ಹೋದ ಕ್ಷಣದಲ್ಲಿ ಭಾಷೆಯೇ ಹೋಗುತ್ತದೆ. ಜನರೇಟರ್ ಇದ್ದರೂ ಅದು ಹತ್ತಿಕೊಳ್ಳುವವರೆಗಿನ ಸಮಯಕ್ಕೆಂದು ಬ್ಯಾಟರಿಯ ಎರಡು ದೊಡ್ಡ ದೀಪಗಳನ್ನು ರಂಗದ ಮುಂಭಾಗದ ಎರಡೂ ಮೂಲೆಗಳಲ್ಲಿ ಇಟ್ಟು, ಪ್ರತಿಯೊಂದಕ್ಕೂ ಒಬ್ಬ ಸ್ವಯಂಸೇವಕರನ್ನು ಕೂರಿಸಿ. ಬೆಂಕಿಯೋ ಬೇರೆ ಅಪಾಯವೋ ಆದಾಗ ಸೈರನ್ ಮಾತ್ರ ನಂಬಿದರೆ ಸಾಲದು. ಎಲ್ಲ ದೀಪಗಳನ್ನು ಆರಿಸಿ ಹತ್ತಿಸಿ ಸೂಚನೆ ಕೊಡುವುದೆಂದು ಮೊದಲೇ ಎಲ್ಲರಿಗೂ ತಿಳಿಸಿರಬೇಕು.

ಹಂತ 5: ಧ್ವನಿಯನ್ನು ಮರೆಯಬೇಡಿ

ಧ್ವನಿ ಕೊಡುವ ನಟರಿರುವ ನಾಟಕವಾದರೆ ಅವರಿಗೆ ಒಳ್ಳೆಯ ಮೈಕು ಬೇಕೇ ಬೇಕು. ಆ ಮೈಕಿನ ಕಂಬ ಕಿವುಡ ನಟರ ಮುಂದೆ ಬಾರದಂತೆ ನೋಡಿಕೊಳ್ಳಿ. ಕಿವುಡ ಪ್ರೇಕ್ಷಕರಿಗೂ ನಾದವಿದೆ, ಅವರು ಅದನ್ನು ಮೈಯಿಂದ ಕೇಳುತ್ತಾರೆ. ಮರದ ಹಲಗೆಯ ರಂಗವಾದರೆ ಡೊಳ್ಳಿನ ಪೆಟ್ಟು ನಟರ ಅಂಗಾಲಿಗೆ ಬರುತ್ತದೆ, ಎಷ್ಟೋ ತಂಡಗಳು ಅದರಿಂದಲೇ ಲಯ ಹಿಡಿಯುತ್ತವೆ. ಕಾಂಕ್ರೀಟ್ ನೆಲದಲ್ಲಿ ಅದು ಸಾಯುತ್ತದೆ. ತಂಡಕ್ಕೆ ತಾಳವಾದ್ಯ ಮುಖ್ಯವಾಗಿದ್ದರೆ ಹಲಗೆಯ ವೇದಿಕೆ ಬಾಡಿಗೆಗೆ ತರಿಸಿ. ಮುಂದಿನ ಸಾಲಿನ ಕಿವುಡ ಮಕ್ಕಳ ಕೈಗೆ ಒಂದೊಂದು ಊದಿದ ಬಲೂನು ಕೊಟ್ಟುನೋಡಿ. ಡೊಳ್ಳಿನ ಕಂಪನ ಅದರ ಮೈಯಲ್ಲಿ ಅವರ ಬೆರಳಿಗೆ ಸಿಗುತ್ತದೆ.

ಹಂತ 6: ಪ್ರಚಾರ ಮತ್ತು ಆಸನ

ಕಿವುಡ ಪ್ರೇಕ್ಷಕರೇ ಇಲ್ಲದ ಸಭಾಂಗಣದಲ್ಲಿ ಸಂಜ್ಞಾ ಭಾಷೆಯ ನಾಟಕ ನಡೆದದ್ದನ್ನು ನಾನು ನೋಡಿದ್ದೇನೆ. ಭಿತ್ತಿಪತ್ರ ಹಚ್ಚಿ, ಆಟೊದಲ್ಲಿ ಮೈಕು ಕಟ್ಟಿ ಊರೆಲ್ಲ ಸಾರಿದ್ದರು. ಆಟೊದ ಮೈಕು ಕಿವುಡರಿಗೆ ಕೇಳಿಸೀತೇ? ತಂಡದ ನಟರೊಬ್ಬರಿಂದ ಒಂದು ನಿಮಿಷದ ಸಂಜ್ಞಾ ಭಾಷೆಯ ವಿಡಿಯೊ ಮಾಡಿಸಿ: ಯಾವ ನಾಟಕ, ಯಾವ ದಿನ, ಎಷ್ಟು ಗಂಟೆ, ಎಲ್ಲಿ, ಟಿಕೆಟ್ ಎಷ್ಟು. ಕೆಳಗೆ ಕನ್ನಡ ಅಕ್ಷರಗಳೂ ಇರಲಿ. ಜಿಲ್ಲೆಯ ಕಿವುಡರ ಸಂಘಕ್ಕೆ, ಕಿವುಡ ಮಕ್ಕಳ ಶಾಲೆಗಳಿಗೆ ಅದನ್ನು ಕಳುಹಿಸಿ. ಅವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅದು ಒಂದೇ ಸಂಜೆಯಲ್ಲಿ ಹರಡುತ್ತದೆ. ಹಳ್ಳಿಗಳಿಂದ ಬರುವವರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ನೋಡಿ ನಾಟಕದ ಸಮಯ ಇಟ್ಟುಕೊಳ್ಳಿ.

ಮುಂದಿನ ನಡುವಿನ ಸಾಲುಗಳು ಕಿವುಡ ಪ್ರೇಕ್ಷಕರಿಗೆ ಮೀಸಲು. ಇದಕ್ಕೆ ಎದುರಾಗುವ ತೊಡಕು ನಿಮಗೆ ಗೊತ್ತೇ ಇದೆ: ಗಣ್ಯರ ಸೋಫಾಗಳು. ಸೋಫಾಗಳನ್ನು ಒಂದು ಬದಿಗೆ ಹಾಕಿ. ಶಾಸಕರಿಗೋ ಅಧ್ಯಕ್ಷರಿಗೋ ಕಾರಣವನ್ನು ಮೊದಲೇ ತಿಳಿಸಿದರೆ ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ, ಕೊನೆಯ ಗಳಿಗೆಯಲ್ಲಿ ಎಬ್ಬಿಸಿದರೆ ಮಾತ್ರ ಕೋಪ.

ಹಂತ 7: ಪ್ರಯಾಣ, ವಸತಿ

ತಂಡವನ್ನು ಕರೆತರಲು ನಿಲ್ದಾಣಕ್ಕೆ ಹೋದಾಗ ಕೂಗಿ ಕರೆಯಬೇಡಿ. ತಂಡದ ಹೆಸರು ಬರೆದ ಫಲಕ ಹಿಡಿದು ಬೆಳಕಿರುವ ಕಡೆ ನಿಲ್ಲಿ. ಗಮನ ಸೆಳೆಯಬೇಕಾದರೆ ಹೆಗಲನ್ನು ಮೆಲ್ಲಗೆ ಮುಟ್ಟಿ, ದೂರವಿದ್ದರೆ ಕೈ ಬೀಸಿ, ಕೋಣೆಯೊಳಗಾದರೆ ದೀಪವನ್ನು ಒಮ್ಮೆ ಆರಿಸಿ ಹತ್ತಿಸಿ. ಮಾತಾಡುವಾಗ ದುಭಾಷಿಯನ್ನು ನೋಡಬೇಡಿ, ಕಲಾವಿದರ ಮುಖವನ್ನೇ ನೋಡಿ. "ಅವರಿಗೆ ಕಾಫಿ ಬೇಕಾ ಕೇಳಿ" ಎನ್ನುವ ಬದಲು "ಕಾಫಿ ತೆಗೆದುಕೊಳ್ಳುತ್ತೀರಾ?" ಎಂದು ಅವರನ್ನೇ ಕೇಳಿ.

ರಾತ್ರಿ ಟೆಂಪೊ ಟ್ರಾವೆಲರ್‌ನಲ್ಲಿ ಹೋಗುವಾಗ ಚಾಲಕರು ಒಳಗಿನ ದೀಪ ಆರಿಸುತ್ತಾರೆ. ಆರಿಸಿದ ಕೂಡಲೇ ಹತ್ತು ಜನರ ಮಾತು ನಿಂತುಹೋಗುತ್ತದೆ. ಚಾಲಕರ ಆಸನದ ಹಿಂದೆ ಒಂದು ದಪ್ಪ ಬಟ್ಟೆ ಕಟ್ಟಿದರೆ ಗಾಜಿನಲ್ಲಿ ಪ್ರತಿಫಲನವಾಗದು, ಹಿಂದಿನ ದೀಪ ಉರಿಯುತ್ತಲೇ ಇರಬಹುದು. ಇಷ್ಟು ಸಣ್ಣ ಏರ್ಪಾಡಿಗೆ ಒಂದು ತಂಡ ನಮಗೆ ಹೇಳಿದ ಧನ್ಯವಾದ ಸನ್ಮಾನದ ಶಾಲಿಗೆ ಹೇಳಿದ್ದಕ್ಕಿಂತ ದೊಡ್ಡದಾಗಿತ್ತು.

ವಸತಿಗೃಹದಲ್ಲಿ ಸ್ವಾಗತಕಾರರಿಗೆ ಮೊದಲೇ ತಿಳಿಸಿಡಿ: ಬಾಗಿಲು ತಟ್ಟಿದರೆ, ಕೋಣೆಗೆ ಫೋನ್ ಮಾಡಿದರೆ ಪ್ರಯೋಜನವಿಲ್ಲ, ಮೊಬೈಲ್‌ಗೆ ಸಂದೇಶ ಕಳುಹಿಸಬೇಕು. ರಾತ್ರಿ ಏನಾದರೂ ತುರ್ತಾದರೆ ಬಾಗಿಲು ತೆರೆಯಲು ಇನ್ನೊಂದು ಕೀಲಿ ಯಾರ ಬಳಿ ಇದೆ ಎಂಬುದು ಖಚಿತವಾಗಿರಲಿ. ಮೊಬೈಲ್ ಸಿಗ್ನಲ್ ಚೆನ್ನಾಗಿರುವ ವಸತಿಗೃಹವನ್ನೇ ಆರಿಸಿ, ಮನೆಯವರೊಡನೆ ಮಾತಾಡಲು ಅವರಿಗೆ ವಿಡಿಯೊ ಕರೆ ಬೇಕು.

ಹಂತ 8: ಪ್ರದರ್ಶನದ ಸಂಜೆ

ಬೆಳಗ್ಗೆಯಿಂದಲೇ ರಂಗವನ್ನು ತಂಡಕ್ಕೆ ಬಿಟ್ಟುಕೊಡಿ. ಪರದೆಯ ಹಿಂದಿನಿಂದ ಹೆಸರು ಹಿಡಿದು ಕರೆದು ನಟರನ್ನು ಪ್ರವೇಶ ಮಾಡಿಸುವಂತಿಲ್ಲ. ಅವರು ಒಬ್ಬರನ್ನೊಬ್ಬರು ನೋಡಿ, ಮುಟ್ಟಿ, ಸೈಡ್‌ವಿಂಗ್‌ನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಇಟ್ಟ ಸಣ್ಣ ಸೂಚನಾ ದೀಪ ನೋಡಿ ಸಮಯ ಹಿಡಿಯುತ್ತಾರೆ. ಹೊಸ ಊರಿನ ಹೊಸ ರಂಗದಲ್ಲಿ ಯಾರಿಗೆ ಯಾರು ಎಲ್ಲಿಂದ ಕಾಣುತ್ತಾರೆ ಎಂಬುದನ್ನು ಪ್ರತಿಸಲವೂ ಹೊಸದಾಗಿ ಕಟ್ಟಿಕೊಳ್ಳಬೇಕು. ಸಂಜೆ ನಾಲ್ಕಕ್ಕೆ ರಂಗ ಕೊಟ್ಟು ಆರಕ್ಕೆ ನಾಟಕ ಎಂದರೆ ಅದು ಆಗುವ ಮಾತಲ್ಲ.

ಸಭಾ ಕಾರ್ಯಕ್ರಮ ಹದಿನೈದು ನಿಮಿಷ ಮೀರದಿರಲಿ. ದೀಪ ಬೆಳಗಿಸುವುದು, ಸ್ವಾಗತ, ಒಬ್ಬರ ಮಾತು, ಅಷ್ಟೇ. ದುಭಾಷಿ ಭಾಷಣಕಾರರ ಪಕ್ಕದಲ್ಲಿ, ಬೆಳಕಿನಲ್ಲಿ ನಿಲ್ಲಬೇಕು, ರಂಗದ ಮೂಲೆಯ ಕತ್ತಲಲ್ಲಿ ಅಲ್ಲ. ಪ್ರಾರ್ಥನೆ ಇದ್ದರೆ ಅದಕ್ಕೂ ಸಂಜ್ಞೆ ಇರಲಿ. "ದೇವರು ಒಂದನ್ನು ಕಿತ್ತುಕೊಂಡು ಇನ್ನೊಂದನ್ನು ಕೊಟ್ಟಿದ್ದಾನೆ" ಎಂಬಂಥ ಮಾತು ಬೇಡವೆಂದು ಭಾಷಣಕಾರರಿಗೆ ಮೊದಲೇ ವಿನಂತಿಸಿ. ದುಭಾಷಿ ಅದನ್ನು ಕಲಾವಿದರ ಎದುರೇ ಅನುವಾದಿಸಬೇಕಾಗುತ್ತದೆ.

ನಾಟಕ ಶುರುವಾಗುವ ಮುನ್ನ ಚಪ್ಪಾಳೆಯ ರೀತಿಯನ್ನು ಎಲ್ಲರಿಗೂ ಕಲಿಸಿ. ಎರಡೂ ಕೈ ಮೇಲೆತ್ತಿ, ಬೆರಳು ಬಿಡಿಸಿ, ಮಣಿಕಟ್ಟನ್ನು ತಿರುಗಿಸುತ್ತಾ ಅಲ್ಲಾಡಿಸುವುದು. ರಂಗದ ಮೇಲಿನಿಂದ ನೋಡುವ ನಟರಿಗೆ ಅದು ಗಾಳಿಗೆ ತೂಗುವ ಎಲೆಗಳ ತೋಪಿನಂತೆ ಕಾಣುತ್ತದೆ. ಹಾಗಾಗಿ ಆ ಹೊತ್ತಿಗೆ ಪ್ರೇಕ್ಷಾಗೃಹದ ದೀಪ ಹತ್ತಿಸಲು ಮರೆಯಬೇಡಿ, ಕತ್ತಲಲ್ಲಿ ಎತ್ತಿದ ಕೈ ಯಾರಿಗೂ ಕಾಣದು.

ಛಾಯಾಗ್ರಾಹಕರು ರಂಗದ ಮುಂದೆ ಓಡಾಡುವುದು, ಫ್ಲಾಶ್ ಹಾಕುವುದು ಎರಡೂ ಇಲ್ಲ. ತಡವಾಗಿ ಬಂದವರನ್ನು ದೃಶ್ಯ ಮುಗಿಯುವವರೆಗೆ ಬಾಗಿಲಲ್ಲೇ ನಿಲ್ಲಿಸಿ.

ಹಂತ 9: ನಾಟಕದ ನಂತರದ ಸಂವಾದ

ಕಲಾವಿದರನ್ನು ಅರ್ಧವೃತ್ತದಲ್ಲಿ ಕೂರಿಸಿ, ಒಬ್ಬರಿಗೊಬ್ಬರು ಕಾಣುವಂತೆ. ಪ್ರಶ್ನೆ ಕೇಳುವವರು ಎದ್ದುನಿಂತು ಕೈಯೆತ್ತಿ ಎಲ್ಲರಿಗೂ ಕಾಣಿಸಿಕೊಳ್ಳಲಿ, ಒಮ್ಮೆಗೆ ಒಬ್ಬರೇ ಮಾತಾಡಲಿ. ದುಭಾಷಿ ನಾಲ್ಕು ಕ್ಷಣ ಹಿಂದಿರುತ್ತಾರೆ, ಉತ್ತರ ಬರುವ ಮುನ್ನ ಮುಂದಿನ ಪ್ರಶ್ನೆಗೆ ಹಾರಬೇಡಿ. ಕಿವುಡ ಪ್ರೇಕ್ಷಕರ ಪ್ರಶ್ನೆಗಳನ್ನು ಮೊದಲು ತೆಗೆದುಕೊಳ್ಳಿ. ಅವರಿಗೆ ನಾಟಕದ ಬಗ್ಗೆ ಕೇಳುವುದು ಬೇಕಾದಷ್ಟಿರುತ್ತದೆ, ಆ ಸಂಜ್ಞೆಯನ್ನು ಏಕೆ ಆರಿಸಿದಿರಿ, ರಾಜನ ಕೈ ಅಷ್ಟು ನಿಧಾನ ಏಕೆ ಎಂದೆಲ್ಲ. ಕೇಳಬಲ್ಲ ನಮ್ಮಂಥವರು "ನಿಮಗೆ ಯಾವಾಗಿನಿಂದ ಕೇಳಿಸುವುದಿಲ್ಲ?" ಎನ್ನುವ ಕಡೆಗೇ ಹೋಗುತ್ತೇವೆ. ಸಂವಾದ ನಡೆಸುವವರು ಅದನ್ನು ನಯವಾಗಿ ತಡೆದು ಮಾತನ್ನು ನಾಟಕಕ್ಕೆ ತರಬೇಕು.

ಹಂತ 10: ಹಣ, ಮತ್ತು ಮುಂದಿನ ಊರು

ಬೇರೆ ಯಾವುದೇ ರೆಪರ್ಟರಿಗೆ (ವೃತ್ತಿಪರ ನಾಟಕ ತಂಡಕ್ಕೆ) ಕೊಡುವ ಸಂಭಾವನೆಯನ್ನೇ ಇವರಿಗೂ ಕೊಡಿ. "ಜಾಗೃತಿ ಕಾರ್ಯಕ್ರಮ" ಎಂಬ ಹೆಸರಿನಲ್ಲಿ ಬರಿಯ ಪ್ರಯಾಣ ವೆಚ್ಚ ಕೊಟ್ಟು ಕಳುಹಿಸುವ ರೂಢಿ ಇದೆ, ಅದು ನಿಲ್ಲಲೇಬೇಕು. ಕಲಾವಿದರ ಬಳಿ ರೈಲು, ಬಸ್ಸಿನ ರಿಯಾಯಿತಿ ಪಾಸು ಇದೆಯೆಂದು ಪ್ರಯಾಣದ ಹಣದಲ್ಲಿ ಕಡಿತ ಮಾಡುವವರೂ ಇದ್ದಾರೆ. ಆ ರಿಯಾಯಿತಿ ವ್ಯಕ್ತಿಗೆ ಸರ್ಕಾರ ಕೊಟ್ಟದ್ದು, ಸಂಘಟಕರಿಗಲ್ಲ. ಮೊತ್ತ, ಕೊಡುವ ದಿನ, ಪ್ರದರ್ಶನ ರದ್ದಾದರೆ ಏನು ಎಂಬುದನ್ನು ಸರಳ ಕನ್ನಡದಲ್ಲಿ ಒಂದು ಪುಟದ ಕರಾರಾಗಿ ಬರೆದು, ದುಭಾಷಿಯ ಮೂಲಕ ಸಂಜ್ಞೆಯಲ್ಲಿಯೂ ವಿವರಿಸಿ, ಆಮೇಲೆ ಸಹಿ ಮಾಡಿಸಿ. ಹಣವನ್ನು ಅಂದೇ ರಾತ್ರಿ ಬ್ಯಾಂಕ್ ಖಾತೆಗೆ ಹಾಕಿ, ತಂಡದ ಮುಖ್ಯಸ್ಥರಿಗೆ ರಸೀದಿಯ ಚಿತ್ರ ಕಳುಹಿಸಿ.

ತಂಡ ಮರುದಿನ ಇನ್ನೊಂದು ಊರಿಗೆ ಹೊರಟಿರುತ್ತದೆ. ಅಲ್ಲಿನ ಸಂಘಟಕರಿಗೆ ನೀವೇ ಒಂದು ಸಂದೇಶ ಬರೆಯಿರಿ. ಎಷ್ಟು ದೀಪ ಬೇಕಾಯಿತು, ಯಾವ ಕೋನದಲ್ಲಿ ಇಟ್ಟಿರಿ, ಎಷ್ಟು ಕುರ್ಚಿ ತೆಗೆದಿರಿ, ತಾಲೀಮಿಗೆ ಎಷ್ಟು ಗಂಟೆ ಹಿಡಿಯಿತು, ತಂಡದಲ್ಲಿ ಯಾರು ಸಸ್ಯಾಹಾರಿ. ರಂಗದ ಮೇಲೆ ತಾಲೀಮಿನ ಹೊತ್ತಿಗೆ ತೆಗೆದ ಎರಡು ಚಿತ್ರಗಳನ್ನೂ ಸೇರಿಸಿ, ಒಂದು ಮೊದಲ ಸಾಲಿನಿಂದ, ಇನ್ನೊಂದು ಕೊನೆಯ ಸಾಲಿನ ಮೂಲೆಯ ಕುರ್ಚಿಯಿಂದ. ಆ ಎರಡನೆಯ ಚಿತ್ರದಲ್ಲಿ ನಟನ ಬೆರಳುಗಳನ್ನು ಎಣಿಸಲು ಆಗುತ್ತದೆಯೇ ಎಂದು ಕಳುಹಿಸುವ ಮುನ್ನ ಒಮ್ಮೆ ನೋಡಿಕೊಳ್ಳಿ.